ಅತ್ತೆಯ ಮಂಚದ ಬೆಕ್ಕು

ನಮ್ಮ ಅತ್ತೆ ಸಾಯುವ ಮೂರು ದಿನ ಮುಂಚೆ ನನ್ನಿಂದ ಒಂದು ಮಾತು ತೆಗೆದುಕೊಂಡರು. ಒಡವೆಯ ವಿಷಯ ಅಲ್ಲ, ತಮ್ಮ ಮಗನ ವಿಷಯವೂ ಅಲ್ಲ. “ಆ ಕಳ್ಳೀನ ಬೀದಿಗೆ ಬಿಡಬ್ಯಾಡ ಕಣಮ್ಮ,” ಅಂದರು. ಕಳ್ಳಿ ಅಂದರೆ ಅವರ ಬೆಕ್ಕು. ಅದಿನ್ನೂ ಕಣ್ಣು ಬಿಡುವ ಮೊದಲೇ ಅದರ ತಾಯಿಯನ್ನು ಬೀದಿನಾಯಿಗಳು ಎಳೆದಾಡಿ ಕೊಂದಿದ್ದವು. ಅತ್ತೆ ಹತ್ತಿಯಲ್ಲಿ ಹಾಲು ಅದ್ದಿ ಅದರ ಬಾಯಿಗೆ ಹಿಂಡಿ ಬದುಕಿಸಿದ್ದರು. ಅಂದಿನಿಂದ ಅದು ಅರಸೀಕೆರೆಯ ನಮ್ಮ ಮನೆಯ ಹೊಸ್ತಿಲು ದಾಟಿದ್ದಿಲ್ಲ. “ಆಯ್ತು ಅತ್ತೆ, ಬಿಡಲ್ಲ,” ಅಂದೆ. ಅವರು ಕೇಳಿದ್ದನ್ನೆಲ್ಲ ನಡೆಸಿಕೊಟ್ಟ ಸೊಸೆ ನಾನಲ್ಲ. ಇದೊಂದನ್ನಾದರೂ ನಡೆಸೋಣ ಅನ್ನಿಸಿತು.

ಅತ್ತೆ ಹೋದದ್ದು ದೀಪಾವಳಿ ಕಳೆದ ಮೇಲೆ, ಹಾಸನದ ಆಸ್ಪತ್ರೆಯಲ್ಲಿ, ಎದೆಯಲ್ಲಿ ನೀರು ತುಂಬಿಕೊಂಡು. ಮನೆಯಲ್ಲಿ ಪ್ರಾಣ ಹೋಗಿದ್ದರೆ ಹಾಸಿಗೆ ಎಸೆಯುತ್ತಿದ್ದೆವು. ಆಸ್ಪತ್ರೆಯಲ್ಲಿ ಹೋದದ್ದರಿಂದ ಅವರ ಮಂಚ, ಹಾಸಿಗೆ, ಹಳೇ ಸೀರೆಗಳಿಂದ ಹೊಲಿದ ಕೌದಿ ಎಲ್ಲ ಹಾಗೇ ಉಳಿದವು. ಹನ್ನೊಂದರ ದಿನ ನೆಂಟರೆಲ್ಲ ಹೊರಟ ಮೇಲೆ ಬೆಕ್ಕು ಆ ಮಂಚ ಹತ್ತಿ ಮಲಗಿತು. ಆಮೇಲೆ ಊಟಕ್ಕೆ ಬಿಟ್ಟರೆ ಇಳಿಯುತ್ತಲೇ ಇರಲಿಲ್ಲ. ನಾವೂ ಪಾಪ ಅಂತ ಸುಮ್ಮನಿದ್ದೆವು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಹಾಗೆ ಒಂದು ದಿನ ಅದು ಅಂಗಾತ ಮಲಗಿದ್ದನ್ನು ನೋಡಿದೆ. ಹೊಟ್ಟೆಯ ಮೇಲೆ ಒಂದು ಕೂದಲಿಲ್ಲ! ಹಿಂದಿನ ತೊಡೆಗಳ ಒಳಗಡೆಯೂ ಬೋಳು, ಅಲ್ಲಲ್ಲಿ ಕೆಂಪು ಗುಳ್ಳೆ. ಮಾರನೆಯ ದಿನದಿಂದ ಗಮನಿಸತೊಡಗಿದೆ. ನಾವು ಎದುರಿಗಿದ್ದರೆ ಸುಮ್ಮನಿರುತ್ತಿತ್ತು. ಬೆನ್ನು ತಿರುಗಿಸಿದರೆ ಸಾಕು, ಚರ್ ಚರ್ ಅಂತ ನೆಕ್ಕುವ ಸದ್ದು. ನೆಕ್ಕಿ ನೆಕ್ಕಿ ಒಂದು ಕಡೆ ರಕ್ತ ಜಿನುಗುತ್ತಿತ್ತು.

ಆಗ ನಮ್ಮ ಮನೆಯಲ್ಲಿ ಬೇರೊಂದು ಸಡಗರ ಶುರುವಾಗಿತ್ತು. ಬೇಲೂರಿಗೆ ಕೊಟ್ಟ ಮಗಳಿಗೆ ಏಳು ವರ್ಷ ಮಕ್ಕಳಾಗಿರಲಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಅವಳು ಫೋನು ಮಾಡಿ, “ಅಮ್ಮಾ, ನಿಂತಿದೆ,” ಅಂದಿದ್ದಳು. ನಾನು ಅಡುಗೆಮನೆಯಲ್ಲೇ ಕೂತು ಅತ್ತಿದ್ದೆ. ಸೀಮಂತ ಆದ ಮೇಲೆ ತವರಿಗೆ ಬರಬೇಕು, ಬಾಣಂತನ ಇಲ್ಲೇ. ಬಾಣಂತಿ ಕೋಣೆ ಅಂದರೆ ಅತ್ತೆಯ ಕೋಣೆಯೇ. ಗಾಳಿ ನುಗ್ಗದ, ಬೆಚ್ಚಗಿನ ಕೋಣೆ ಅಂತ ಇರುವುದು ಅದೊಂದೇ.

ನಮ್ಮ ಯಜಮಾನರು ಬೆಕ್ಕಿನ ಹೊಟ್ಟೆ ನೋಡಿದವರೇ ಮುಖ ಕಿವುಚಿದರು. “ಹಸುಗೂಸು ಬರೋ ಮನೇಲಿ ಈ ಕಜ್ಜಿ ಬೆಕ್ಕಾ? ಸೀಮಂತದೊಳಗೆ ವಾಸಿಯಾಗಲಿಲ್ಲ ಅಂದ್ರೆ ಗೋಣಿಚೀಲಕ್ಕೆ ಹಾಕ್ಕೊಂಡು ಮಾಲೇಕಲ್ಲು ಗುಡ್ಡದ ಹತ್ರ ಬಿಟ್ಟು ಬರ್ತೀನಿ ನೋಡು.”

“ನಿಮ್ಮಮ್ಮಂಗೆ ಮಾತು ಕೊಟ್ಟಿದೀನಿ.”

“ಅಮ್ಮ ಇದ್ದಿದ್ರೆ ಮೊಮ್ಮಗಳು ಮುಖ್ಯವೋ ಬೆಕ್ಕು ಮುಖ್ಯವೋ ಅಂತ ಅವರೇ ಹೇಳಿರೋರು ಕಣೇ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಬೀದಿಯನ್ನೇ ನೋಡದ ಬೆಕ್ಕು ಗುಡ್ಡದ ಬುಡದಲ್ಲಿ ಎಷ್ಟು ದಿನ ಬದುಕೀತು? ಒಂದು ದಿನ ಬದುಕಿದರೆ ಹೆಚ್ಚು. ನನ್ನ ಕೈಯಲ್ಲಿ ಮೂರು ತಿಂಗಳಿತ್ತು.

ಮೊದಲು ಮಾಡಿದ್ದು ನಮ್ಮ ಕಡೆ ಯಾರಾದರೂ ಮಾಡುವ ಕೆಲಸ. ಕೊಬ್ಬರಿ ಎಣ್ಣೆಗೆ ಅರಿಸಿನ ಕಲಸಿ ಬಳಿದೆ. ಈ ತೆಂಗಿನ ಸೀಮೆಯಲ್ಲಿ ತಲೆನೋವು ಬಂದರೂ ಕೊಬ್ಬರಿ ಎಣ್ಣೆ, ಬಾಗಿಲು ಕಿರುಗುಟ್ಟಿದರೂ ಕೊಬ್ಬರಿ ಎಣ್ಣೆ. ನೆಕ್ಕುವ ಬೆಕ್ಕಿಗೆ ಕರೆದು ಊಟ ಬಡಿಸಿದ ಹಾಗಾಯಿತು. ಬಳಿದದ್ದನ್ನೆಲ್ಲ ನೆಕ್ಕಿ ಎರಡು ದಿನ ಭೇದಿ ಮಾಡಿಕೊಂಡಿತು. “ಫಿನಾಯಿಲ್ ನೀರಲ್ಲಿ ಒಂದ್ಸಲ ತೊಳೆದುಬಿಡೇ,” ಅಂದರು ಯಜಮಾನರು. “ಮೊದ್ಲು ನಿಮ್ಮನ್ನ ತೊಳೀತೀನಿ ಬನ್ನಿ,” ಅಂದೆ.

ಆಮೇಲೆ ಹಸು ಎಮ್ಮೆ ನೋಡುವ ಡಾಕ್ಟರೊಬ್ಬರ ಹತ್ತಿರ ಹೋದೆ. ಬುಟ್ಟಿಯೊಳಗೆ ಇಣುಕಿ ನೋಡಿ, “ಅಲರ್ಜಿ,” ಅಂದು ಒಂದು ಇಂಜೆಕ್ಷನ್ ಚುಚ್ಚಿದರು. ಎರಡು ವಾರ ಬೆಕ್ಕು ನೆಕ್ಕುವುದನ್ನೇ ಬಿಟ್ಟಿತು. ಗೆದ್ದೆ ಅಂದುಕೊಂಡೆ. ಮೂರನೇ ವಾರ ಹಿಂದಿಗಿಂತ ಜೋರಾಗಿ ಶುರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಅಲರ್ಜಿ ಅನ್ನುವುದು ಕಾರಣವಲ್ಲ, ಕಾರಣ ಇನ್ನೂ ಗೊತ್ತಿಲ್ಲ ಅನ್ನುವುದಕ್ಕೆ ಇಟ್ಟ ಹೆಸರು, ಅಷ್ಟು ನನಗೂ ತಿಳಿಯುತ್ತದೆ. ಒಂದು ನೋಟ್‌ಬುಕ್ ತೆಗೆದು ಗೆರೆ ಎಳೆದು, ದಿನಾ ಏನು ತಿಂತು, ಎಷ್ಟು ಸಲ ನೆಕ್ಕಿತು ಅಂತ ಬರೆಯತೊಡಗಿದೆ. ಹಾಲು ನಿಲ್ಲಿಸಿದೆ. ಒಣಮೀನು ನಿಲ್ಲಿಸಿದೆ. ಆರು ವಾರ ಬರೀ ಬೇಯಿಸಿದ ಕೋಳಿ ಹಾಕಿದೆ. ನೆಲ ಒರೆಸುವ ಲಿಕ್ವಿಡ್ ಬದಲಾಯಿಸಿದೆ. ನೋಟ್‌ಬುಕ್ ತುಂಬಿತೇ ಹೊರತು ಹೊಟ್ಟೆಯ ಮೇಲೆ ಕೂದಲು ಬರಲಿಲ್ಲ.

ಪಕ್ಕದ ಮನೆಯಾಕೆ ಒಂದು ಸಂಜೆ ಬಂದು ನೋಡಿ, “ಅಜ್ಜಿ ಕೊರಗು ಕಣ್ರೀ ಇದು. ಮಂಚ ಬಿಟ್ಟು ಇಳೀತಾನೇ ಇಲ್ಲ ನೋಡಿ. ಮನುಷ್ಯರಿಗಿಂತ ವಾಸಿ,” ಅಂದರು. ಕೊನೆಯ ಮಾತು ನನಗೇ ಬಿಟ್ಟ ಬಾಣ ಇರಬಹುದು. ಆದರೂ ಆ ಕಾರಣ ನನಗೆ ಹಿಡಿಸಿತು. ಕೊರಗಿಗೆ ಯಾರೇನು ಮಾಡಲು ಸಾಧ್ಯ? ಅದರಲ್ಲಿ ಯಾರದೂ ತಪ್ಪಿರುವುದಿಲ್ಲ.

ಮೇ ತಿಂಗಳ ಕೊನೆಗೆ ಹಳೇಬೀಡಿನಿಂದ ನನ್ನ ತಮ್ಮನ ಹೆಂಡತಿ ಫೋನು ಮಾಡಿದಳು. ಹಳೇಬೀಡು ನನ್ನ ತವರು. “ಅತ್ಗೇ, ಇಲ್ಲಿಗೆ ಹೊಸ ಡಾಕ್ಟರಮ್ಮ ಬಂದವ್ರೆ, ಬೆಕ್ಕು ನಾಯಿ ಎಲ್ಲಾನೂ ಮನುಷ್ಯರಂಗೆ ಕೂರಿಸ್ಕಂಡು ನೋಡ್ತಾರೆ. ಒಂದ್ಸಲ ತಂದು ತೋರ್ಸಿ,” ಅಂದಳು. ಸೀಮಂತಕ್ಕೆ ಹದಿನೈದು ದಿನ ಉಳಿದಿತ್ತು. ತರಕಾರಿ ಬುಟ್ಟಿಯಲ್ಲಿ ಬೆಕ್ಕನ್ನು ಕೂರಿಸಿ, ಮೇಲೆ ಟವೆಲು ಬಿಗಿದು, ಬೆಳಗಿನ ಬಸ್ಸು ಹತ್ತಿದೆ. ಜಾವಗಲ್ ದಾಟುವವರೆಗೂ ಅದು ಒಂದೇ ಸಮ ಕಿರುಚಿತು. ಕಂಡಕ್ಟರು ಬುಟ್ಟಿ ನೋಡಿ, “ಕೋಳಿಯಾ ಮೇಡಂ? ಕೋಳಿಗೆ ಹಾಫ್ ಟಿಕೆಟ್,” ಅಂದ. “ಕೋಳಿ ಹೀಗೆ ಕೂಗುತ್ತೇನಪ್ಪ?” ಅಂದೆ. ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಎಷ್ಟೋ ದಿನ ನನಗೆ ನಗು ಬರಲಿಲ್ಲ.

ಡಾಕ್ಟರಮ್ಮನಿಗೆ ನನ್ನ ಮಗಳಷ್ಟೇ ವಯಸ್ಸು. ಬೆಕ್ಕನ್ನು ಮೇಜಿನ ಮೇಲೆ ಮಲಗಿಸಿ, ಹೊಟ್ಟೆಯ ಅಂಚಿನ ಕೂದಲನ್ನು ಭೂತಗನ್ನಡಿಯಲ್ಲಿ ನೋಡಿದರು. “ಕೂದಲು ಉದುರಿಲ್ಲ ಮೇಡಂ, ತುಂಡಾಗಿದೆ. ಬುಡ ಚೆನ್ನಾಗಿದೆ. ಇದೇ ನೆಕ್ಕಿ ಕತ್ತರಿಸಿಕೊಂಡಿದೆ. ಅಂದ್ರೆ ಚರ್ಮದ ಮೇಲೆ ಏನೋ ಕಾಟ ಇದೆ.” ಸಣ್ಣ ಹಲ್ಲಿನ ಬಾಚಣಿಗೆಯಿಂದ ಮೈಯೆಲ್ಲ ಬಾಚಿ, ಉದುರಿದ ಧೂಳನ್ನು ಒದ್ದೆ ಕಾಗದದ ಮೇಲೆ ಹಾಕಿದರು. ಚಿಗಟ ಇದ್ದರೆ ಅದರ ಹಿಕ್ಕೆ ಒದ್ದೆಯಲ್ಲಿ ಕೆಂಪಗೆ ಬಿಡುತ್ತದಂತೆ. ಬಿಡಲಿಲ್ಲ. ಗುಳ್ಳೆಯ ಮೇಲೆ ಟೇಪು ಅಂಟಿಸಿ ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲ್ಲೂ ಏನೂ ಇಲ್ಲ.

“ಕೊರಗು ಇರಬಹುದಾ ಡಾಕ್ಟ್ರೇ?” ಅಂದೆ. ಹೌದು ಅನ್ನಲಿ ಅಂತಲೇ ಕೇಳಿದ್ದು.

“ಇರಬಹುದು. ಆದ್ರೆ ಅದನ್ನ ಕೊನೇಲಿ ಹೇಳಬೇಕು. ಬೇರೆ ಎಲ್ಲಾ ಇಲ್ಲ ಅಂತ ಆದ್ಮೇಲೆ. ಕೊರಗಿಗೆ ಗುಳ್ಳೆ ಏಳಲ್ಲ.” ಸ್ವಲ್ಪ ಹೊತ್ತು ಗುಳ್ಳೆಗಳನ್ನೇ ನೋಡಿ ಕೇಳಿದರು: “ಮನೇಲಿ ಬೇರೆ ಯಾರಿಗಾದ್ರೂ ಕೆರೆತ ಇದ್ಯಾ?”

“ಇಲ್ಲ,” ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

“ಕೋಳಿ, ಪಾರಿವಾಳ ಸಾಕಿದೀರಾ?”

“ಅಯ್ಯೋ ಇಲ್ಲ.”

“ಯಾಕೆ ಕೇಳ್ದೆ ಅಂದ್ರೆ, ಕೆಲವು ನುಸಿ ಬೆಕ್ಕಿನ ಮೈಮೇಲೆ ವಾಸ ಮಾಡಲ್ಲ. ನಿಮ್ಮ ಕಡೆ ತೆಂಗಿನಕಾಯಿಗೆ ನುಸಿ ಬೀಳುತ್ತಲ್ಲ, ಇದೂ ಆ ಕುಲದ್ದೇ, ಕಣ್ಣಿಗೆ ಕಂಡೂ ಕಾಣದ ಹಾಗೆ. ಬರ್ತವೆ, ರಕ್ತ ಕುಡೀತವೆ, ಹೋಗ್ತವೆ. ಬೆಕ್ಕನ್ನ ಹುಡುಕಿದ್ರೆ ಸಿಗಲ್ಲ. ಬೆಕ್ಕು ಮಲಗೋ ಜಾಗ ಹುಡುಕಿ.”

ಮುಲಾಮು ಬರೆದುಕೊಟ್ಟರು. ಕುತ್ತಿಗೆಗೆ ಹಾಕುವ, ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದಂತಲ್ಲ, ಅದನ್ನು ಹಾಕಿದರೆ ನೆಕ್ಕುವುದು ನಿಲ್ಲುತ್ತದಲ್ಲವೇ ಅಂತ ಕೇಳಿದೆ. “ನೆಕ್ಕೋದು ನಿಲ್ಲುತ್ತೆ. ಕಾಟ ನಿಲ್ಲಲ್ಲ. ಪಾಪ, ಹೇಳಕ್ಕೆ ಬಾಯಿಲ್ಲ, ನೆಕ್ಕಿ ಹೇಳ್ತಿದೆ. ಅದನ್ನೂ ಕಟ್ಟಿಹಾಕೋದಾ?” ಅಂದರು.

ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬೆಕ್ಕು ಕೂಗಿ ಕೂಗಿ ಸುಸ್ತಾಗಿ ನಿದ್ದೆ ಹೋಗಿತ್ತು. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ಒಬ್ಬ ಮುದುಕಿ ಹತ್ತಿ ನನ್ನ ಎದುರು ಕೂತು, ಸೆರಗು ಸರಿಸಿ ತೋಳು ಕೆರೆದುಕೊಂಡಳು. ಅಷ್ಟೇ. ಮನೆಯಲ್ಲಿ ಕೆರೆತ ಇತ್ತು. ಎಂಟು ತಿಂಗಳು ಇತ್ತು. ಕೆರೆದುಕೊಂಡವರು ಈಗ ಇಲ್ಲ, ಅದಕ್ಕೇ ನಾನು ‘ಇಲ್ಲ’ ಅಂದಿದ್ದೆ.

ಹಿಂದಿನ ವರ್ಷ ಯುಗಾದಿ ಕಳೆದ ಮೇಲೆ ಅತ್ತೆ ಶುರು ಮಾಡಿದ್ದರು. “ಮೈಮ್ಯಾಲೆ ಏನೋ ಹರ್ದಾಡ್ತೈತೆ ಕಣಮ್ಮ. ಕಣ್ಣಿಗೆ ಕಾಣಾಕಿಲ್ಲ, ಕಡೀತೈತೆ.” ಹಾಸಿಗೆ ಕೊಡವಿ ನೋಡಿದೆ, ತಿಗಣೆ ಇರಲಿಲ್ಲ. ದಿನಾ ಅದೇ ಮಾತು, ಬಂದವರಿಗೆಲ್ಲ ಅದೇ ಪುರಾಣ. ಡಾಕ್ಟರೊಬ್ಬರಿಗೆ ತೋರಿಸಿದೆವು. ವಯಸ್ಸಾದವರಿಗೆ ಚರ್ಮ ಒಣಗುತ್ತದೆ, ಕೆಲವರಿಗೆ ಹುಳ ಹರಿದ ಹಾಗೆ ಭ್ರಮೆಯೂ ಆಗುತ್ತದೆ ಅಂದು, ಹಚ್ಚಲು ಒಂದು ಲೋಷನ್ನು, ನಿದ್ದೆಗೆ ಒಂದು ಮಾತ್ರೆ ಕೊಟ್ಟರು. ಭ್ರಮೆ ಅನ್ನುವ ಮಾತು ಕೇಳಿ ನನಗೆ ಹಾಯೆನಿಸಿತು. ಅಲ್ಲಿಂದ ಮುಂದೆ ಅವರು ಏನು ಹೇಳಿದರೂ, “ಏನೂ ಇಲ್ಲ ಅತ್ತೆ, ನಿಮಗೆ ಹಂಗನ್ಸುತ್ತೆ,” ಅನ್ನುವುದು ನನಗೆ ಬಾಯಿಪಾಠವಾಯಿತು.

ಕೆರೆದು ಕೆರೆದು ಹೊಟ್ಟೆ, ತೊಡೆ ಎಲ್ಲ ಗಾಯ ಮಾಡಿಕೊಂಡರು. ಉಗುರು ಕತ್ತರಿಸಿದೆ. ಮೊಂಡು ಉಗುರಲ್ಲೇ ಕೆರೆದರು. ಕೊನೆಗೆ ನಮ್ಮ ಯಜಮಾನರ ಬಿಳೀ ಕಾಲುಚೀಲ ತಂದು ಅತ್ತೆಯ ಎರಡೂ ಕೈಗೆ ಹಾಕಿ ಮಣಿಕಟ್ಟಿಗೆ ಲಾಡಿ ಕಟ್ಟಿದೆ. ಸ್ಕೂಲಿಗೆ ಹೋಗುವಾಗ ಕಟ್ಟುವುದು, ಬಂದು ಬಿಚ್ಚುವುದು. ಅವರು ಕೈ ಚಾಚಿಕೊಂಡು ಕೂತಿರುತ್ತಿದ್ದರು. ತವರೂರು ಗಂಡಸಿಯ ಸೀಮೆಯಲ್ಲಿ ರಾಗಿ ಹೊಲ ಕುಯ್ದ ಕೈಗಳು ಅವು. ನನ್ನ ಬಾಣಂತನದಲ್ಲಿ ನನಗೆ ಎಣ್ಣೆ ನೀರು ಹಾಕಿದ ಕೈಗಳು.

ಇನ್ನೊಂದು ವಿಷಯವಿದೆ. ಹೇಳದೆ ಇರಬಹುದಿತ್ತು, ಆದರೆ ಅದನ್ನು ಬಿಟ್ಟರೆ ಇದನ್ನು ಬರೆದೇನು ಪ್ರಯೋಜನ.

ಅತ್ತೆಯ ಮಂಚದ ಮೇಲ್ಗಡೆ ಗೋಡೆಗೆ ಮಾವನವರ ದೊಡ್ಡ ಫೋಟೋ ಇದೆ, ಹಳೇ ಕಾಲದ ಹಾಗೆ ಮುಂದಕ್ಕೆ ಬಾಗಿಸಿ ನೇತುಹಾಕಿದ್ದು. ಅದರ ಹಿಂದೆ ಗುಬ್ಬಚ್ಚಿ ಗೂಡು ಕಟ್ಟಿತ್ತು. ಊರಲ್ಲೆಲ್ಲೂ ಗುಬ್ಬಿ ಕಾಣದ ಈ ಕಾಲದಲ್ಲಿ ನಮ್ಮ ಮನೆಯೊಳಗೇ ಬಂದು ಗೂಡು! ಗುಬ್ಬಿ ಮರಿ ಮಾಡಿದ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಅಂತ ನಮ್ಮಲ್ಲಿ ಮಾತಿದೆ. ಗೂಡು ಕೆಡವಿದರೆ ಮನೆಯ ಹೆಣ್ಣುಮಕ್ಕಳ ಮಡಿಲು ಬರಿದು ಅಂತಲೂ ಇದೆ. ಮಕ್ಕಳಿಗೆ ವಿಜ್ಞಾನ ಹೇಳುವ ನಾನು ಕಿಟಕಿಯ ಒಂದು ಗಾಜು ತೆಗೆಸಿ ಗುಬ್ಬಿಗೆ ದಾರಿ ಬಿಟ್ಟೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ. ಏಳು ವರ್ಷ ಆಸ್ಪತ್ರೆ, ಹರಕೆ, ಎಲ್ಲ ಸುತ್ತಿದ ಮಗಳ ತಾಯಿಯಾದರೆ ನೀವೂ ಬಿಡುತ್ತಿದ್ದಿರಿ.

ಅತ್ತೆ ಒಂದು ದಿನ, “ಆ ಗೂಡು ತೆಗಿಸಮ್ಮ. ಮ್ಯಾಗಿಂದ ಏನೇನೋ ಉದುರ್ತೈತೆ,” ಅಂದರು. ನಾನು ಆಗಷ್ಟೇ ಮಗಳ ಹತ್ತಿರ ಮಾತಾಡಿ ಫೋನಿಟ್ಟಿದ್ದೆ. ಆ ತಿಂಗಳೂ ಅವಳು ಹೊರಗಾಗಿದ್ದಳು. ಉರಿಯುತ್ತಿದ್ದೆ. “ನಿಮ್ಮ ಮೊಮ್ಮಗಳ ಮಡಿಲು ತುಂಬೋದು ನಿಮಗೆ ಬೇಡ್ವಾ? ಕಸ ಬಿದ್ರೆ ನಾನು ಗುಡಿಸ್ತೀನಿ,” ಅಂದೆ. ಅತ್ತೆ ನನ್ನ ಮುಖ ನೋಡಿದರು. ಮತ್ತೆಂದೂ ಗೂಡಿನ ಮಾತೆತ್ತಲಿಲ್ಲ. ಆದರೆ ಕಾಲ ಬುಡದಲ್ಲಿ ಮಲಗುತ್ತಿದ್ದ ಬೆಕ್ಕನ್ನು ಮಾತ್ರ ಅವತ್ತಿನಿಂದ ಮಂಚ ಹತ್ತಗೊಡಲಿಲ್ಲ. “ಇಳಿಯೇ ಕೆಳಕ್ಕೆ, ನಿಂಗ್ಯಾಕೆ ಇದು,” ಅಂತ ಕಾಲುಚೀಲದ ಕೈಯಲ್ಲಿ ತಳ್ಳುತ್ತಿದ್ದರು. ವಯಸ್ಸಾದ ಹಾಗೆ ಬೆಕ್ಕಿನ ಮೇಲೂ ಸಿಡುಕು ಅಂತ ನಾವು ಮಾತಾಡಿಕೊಂಡೆವು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ನಾನು ಹಳೇಬೀಡಿನವರೆಗೆ ಹೋಗಿಬಂದಿದ್ದೆ.

ಮಾರನೆಯ ದಿನ ಭಾನುವಾರ. ಮಧ್ಯಾಹ್ನ ಊಟ ಆದ ಮೇಲೆ ಯಜಮಾನರು ಹಜಾರದಲ್ಲಿ ಪೇಪರು ಹಿಡಿದು ಕೂತರು. ನಾನು ಬೆಕ್ಕನ್ನು ಅಡುಗೆಮನೆಗೆ ಕೂಡಿಹಾಕಿ, ಅತ್ತೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಗೂಡು ಸದ್ದಿಲ್ಲದೆ ಇತ್ತು. ಮರಿಗಳು ವಾರದ ಹಿಂದೆಯೇ ಹಾರಿಹೋಗಿದ್ದವು. ಒಂದು ಬಿಳೀ ಪಂಚೆ ಹಾಸಿ, ಅತ್ತೆ ಮಲಗುತ್ತಿದ್ದ ಹಾಗೆಯೇ ಮಲಗಿದೆ. ಕೈ ಹೊಟ್ಟೆಯ ಮೇಲಿಟ್ಟುಕೊಂಡೆ. ಒಂದು ಗಂಟೆ ಅಲ್ಲಾಡಬಾರದು ಅಂತ ತೀರ್ಮಾನ ಮಾಡಿದ್ದೆ.

ಮೊದಲು ಏನೂ ಇಲ್ಲ. ಆಮೇಲೆ ಮೊಣಕೈ ಹತ್ತಿರ ಕೂದಲೆಳೆ ಎಳೆದ ಹಾಗೆ. ನೋಡಿದರೆ ಏನೂ ಕಾಣದು. ಕತ್ತಿನಲ್ಲಿ, ಸೊಂಟದಲ್ಲಿ, ತೊಡೆಯಲ್ಲಿ. ಹರಿದಾಡ್ತೈತೆ, ಕಣ್ಣಿಗೆ ಕಾಣಾಕಿಲ್ಲ, ಕಡೀತೈತೆ. ಅವರು ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚಿರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಎದ್ದು ಕೂತುಬಿಟ್ಟೆ. ತಡೆಯಲಾಗಲಿಲ್ಲ. ಪಂಚೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದೆ. ಸಾಸಿವೆಗಿಂತ ಎಷ್ಟೋ ಸಣ್ಣ ಚುಕ್ಕೆಗಳು, ನಡೆಯುತ್ತಿದ್ದವು. ಒಂದನ್ನು ಬೆರಳಲ್ಲಿ ಒತ್ತಿದೆ. ಪಂಚೆಯ ಮೇಲೆ ಕೆಂಪು ಗೆರೆ ಬಿತ್ತು.

ಸ್ಟೂಲು ಎಳೆದು ಫೋಟೋ ಇಳಿಸುವ ಸದ್ದಿಗೆ ಯಜಮಾನರು ಬಂದರು. “ಏನೇ ಇದು! ಬಸುರಿ ಮಗಳು ಮನೆಗೆ ಬರೋ ಹೊತ್ತಲ್ಲಿ ಗೂಡು ಕೆಡವ್ತೀಯಾ? ಬುದ್ಧಿ ಇದ್ಯಾ ನಿಂಗೆ?”

ನಾನು ಪಂಚೆಯ ಕೆಂಪು ಗೆರೆ ತೋರಿಸಿದೆ. ಡಾಕ್ಟರಮ್ಮ ಅಂದದ್ದು ಹೇಳಿದೆ. “ನಿಮ್ಮಮ್ಮ ಸುಳ್ಳು ಹೇಳ್ತಿರಲಿಲ್ಲ ಕಣ್ರೀ,” ಅಂದೆ. ಅವರು ಪಂಚೆಯನ್ನು ತಾವೇ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಪೊರಕೆ ತಂದು ಗೂಡಿನ ಹುಲ್ಲು, ಪುಕ್ಕ ಎಲ್ಲ ಗುಡಿಸಿ ಚೀಲಕ್ಕೆ ತುಂಬಿದರು. ಹಾಸಿಗೆ, ಕೌದಿ, ಗೂಡು, ಎಲ್ಲವನ್ನೂ ಹಿತ್ತಿಲಲ್ಲಿ ಸುಟ್ಟೆವು. ಗೋಡೆಗೆ ಔಷಧಿ ಹೊಡೆಸಿ, ಸುಣ್ಣ ಬಳಿಸಿ, ಕಿಟಕಿಗೆ ಗಾಜು ಹಾಕಿಸಿ, ಫೋಟೋವನ್ನು ಗೋಡೆಗೆ ಒತ್ತಿ ಮೊಳೆ ಹೊಡೆದೆವು. ಗೋಣಿಚೀಲದ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಮಗಳು ಬರುವ ಹೊತ್ತಿಗೆ ಬೆಕ್ಕಿನ ಹೊಟ್ಟೆಯ ಮೇಲೆ ಹೊಸ ಕೂದಲು ಮೂಡಿತ್ತು, ರಾಗಿ ಪೈರು ಮೊದಲು ಹುಟ್ಟುವ ಹಾಗೆ. ಹೊಸ ಹಾಸಿಗೆಯ ಮೇಲೆ ಮಗಳು ಕಾಲು ಚಾಚಿ ಕೂತಳು. ಬೆಕ್ಕು ಅವಳ ಪಕ್ಕ ಮಲಗಿತು. ನೆಕ್ಕಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡೆ ಅಂತ ನನಗೂ ಸ್ವಲ್ಪ ಸಮಾಧಾನವಾಗಿತ್ತು.

ಮಗಳು ಗೋಡೆ ನೋಡಿ, “ಅಮ್ಮಾ, ಗುಬ್ಬಿ ಗೂಡು ಎಲ್ಲಿ?” ಅಂದಳು.

“ತೆಗೆದ್ವಿ. ನುಸಿ ಆಗಿತ್ತು.”

“ಹೂಂ, ಕಡೀತವೆ ಅಂತ ಅಜ್ಜಿ ಹೇಳ್ತಿದ್ರು.”

ನಾನು ಬಟ್ಟೆ ಮಡಿಸುತ್ತಿದ್ದೆ. “ಯಾವಾಗ ಹೇಳಿದ್ರು?”

“ಹೋದ್ವರ್ಷ ಫೋನಲ್ಲಿ. ಗೂಡಿಂದ ಸಣ್ಣ ಹುಳ ಇಳೀತವೆ, ಕೋಳಿಹೇನು ಇದ್ದಂಗೆ, ನಮ್ಮ ಗಂಡಸೀಲಿ ಕೋಳಿ ಗೂಡಲ್ಲಿ ನೋಡಿವ್ನಿ ಅಂದ್ರು. ಹಂಗಾದ್ರೆ ತೆಗೆಸಿ ಅಜ್ಜಿ ಅಂದೆ. ‘ಬ್ಯಾಡ, ನಿಮ್ಮಮ್ಮ ನಿನ್ನ ಮಡಿಲು ತುಂಬ್ಲಿ ಅಂತ ಆಸೆ ಇಟ್ಕಂಡವ್ಳೆ. ನಂಗೆ ತಾನೇ ಕಡಿಯೋದು, ಕಡೀಲಿ ಬಿಡು. ಅವ್ಳಿಗೆ ಹೇಳ್ಬ್ಯಾಡ,’ ಅಂದ್ರು.” ಮಗಳು ಬೆಕ್ಕಿನ ಕಿವಿ ಸವರಿದಳು. “ಪಾಪ ಅಜ್ಜಿ. ತುಂಬಾ ಕಡೀತಿತ್ತಾ ಅಮ್ಮಾ?”

ಬೆಕ್ಕಿನ ಕಾರಣ ಹುಡುಕಲು ನಾನು ನೋಟ್‌ಬುಕ್ ತುಂಬಿಸಿದೆ, ಬಸ್ಸು ಹತ್ತಿದೆ, ಮೂರು ತಿಂಗಳು ಒದ್ದಾಡಿದೆ. ಅತ್ತೆಗೆ ಕಾರಣ ಮೊದಲೇ ಗೊತ್ತಿತ್ತು. ನಾನು ಅವರ ಎರಡೂ ಕೈಗೆ ಕಾಲುಚೀಲ ಕಟ್ಟಿ ಸ್ಕೂಲಿಗೆ ಹೋಗುತ್ತಿದ್ದೆ. ಹೋಗಿಬರ್ತೀನಿ ಅತ್ತೆ ಅಂದರೆ, ಕಟ್ಟಿದ ಕೈ ಎತ್ತಿ “ಹುಷಾರಾಗಿ ಹೋಗ್ಬಾರಮ್ಮ,” ಅನ್ನುತ್ತಿದ್ದರು.